ಹಂಡೆ ತೆಗೆದು ಗೀಸರ್ ಹಾಕಿಸುವ ಮುಂಚೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ನಾಲ್ಕು ಜನ ಇದ್ದೇವೆ. ಬಚ್ಚಲು ಹೊಸದಾಗಿ ಕಟ್ಟಿಸುತ್ತಿದ್ದೇವೆ. ಹಂಡೆ ತೆಗೆಸಿ ಟ್ಯಾಂಕ್ ಇಲ್ಲದ ಗೀಸರ್ ಹಾಕಿಸುವ ಯೋಚನೆ. ಕರೆಂಟಿನದ್ದು ಒಳ್ಳೆಯದೋ, ಗ್ಯಾಸಿನದ್ದೋ? ಬಚ್ಚಲ ಗೋಡೆಗೇ ಕೂರಿಸಬಹುದಾ?

ಉತ್ತರ: ಕೊನೆಯ ಮಾತಿಗೇ ಮೊದಲು ಬರುತ್ತೇನೆ. ಗ್ಯಾಸಿನದ್ದಾದರೆ ಬಚ್ಚಲ ಒಳಗೆ ಬೇಡವೇ ಬೇಡ. ಉರಿಗೆ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಅನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಹೋಗಿರುತ್ತದೆ. ಜಡಿಮಳೆ ಹಿಡಿದಾಗ ಥಂಡಿ ಅಂತ ಕಿಟಕಿ ಮುಚ್ಚಿ ಸ್ನಾನ ಮಾಡುವವರು ನಾವು, ಅಲ್ವಾ? ‘ಹಂಡೆ ಒಲೆಯೂ ಒಳಗೇ ಉರೀತಿತ್ತಲ್ಲ’ ಅಂತ ಹಿರಿಯರು ಕೇಳುತ್ತಾರೆ. ನಿಜ. ಆದರೆ ಅದು ಹಂಚಿನ ಮಾಡು, ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಹೊಗೆ ಜಾಸ್ತಿಯಾದರೆ ಕಣ್ಣು ಉರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು. ಈ ಅನಿಲ ಆ ಉಪಕಾರವನ್ನೂ ಮಾಡುವುದಿಲ್ಲ.

ಹಾಗಾಗಿ ಹೊರಗೋಡೆಗೆ, ಸೂರಿನ ಕೆಳಗೆ, ಎರಚಲು ಹೊಡೆಯದ ಕಡೆ ಹಾಕಿಸಿ. ಕಿಟಕಿ, ವೆಂಟಿಲೇಟರ್ ಪಕ್ಕದಲ್ಲಿ ಬೇಡ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಸಿಲಿಂಡರ್ ಕೂಡ ಹೊರಗೇ ಇರಲಿ, ತಗ್ಗಿನಲ್ಲಿ ಇಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ಕೂತುಬಿಡುತ್ತದೆ.

ಇನ್ನು ಕರೆಂಟಿನದ್ದು. ಮನೆಗೆ ತರುವ ಇನ್‌ಸ್ಟಂಟ್ ಗೀಸರ್ ಸಾಮಾನ್ಯವಾಗಿ 3 ಕಿಲೋವ್ಯಾಟ್. 20 ಲೀಟರ್ ಬಕೆಟ್ ನೀರನ್ನು 20 ಡಿಗ್ರಿ ಏರಿಸಲು ಅದಕ್ಕೆ ಒಂಬತ್ತು–ಹತ್ತು ನಿಮಿಷ ಬೇಕು. ಅದೂ ವೋಲ್ಟೇಜ್ ಪೂರ್ತಿ 230 ಇದ್ದರೆ. 180ಕ್ಕೆ ಇಳಿದರೆ ಶಾಖ ಸುಮಾರು ಶೇಕಡಾ 60 ಮಾತ್ರ. ಬಕೆಟ್ ತುಂಬಲು ಕಾಲು ಗಂಟೆ. ಮಳೆಗಾಲದಲ್ಲಿ ನಿಮ್ಮ ಕಡೆ ವೋಲ್ಟೇಜ್ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಆದರೂ ಅದೇ ಬೇಕೆಂದರೆ 16 ಆಂಪಿಯರ್ ಪ್ಲಗ್ಗಿಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ ವೈರ್ ಎಳೆಸಿ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದೆ ಚಾಲೂ ಮಾಡಬೇಡಿ.

ನಿಮಿಷಕ್ಕೆ 6 ಲೀಟರ್ ಕೊಡುವ ಗ್ಯಾಸ್ ಗೀಸರ್ ಅದೇ ಬಕೆಟ್ಟನ್ನು ಮೂರು–ನಾಲ್ಕು ನಿಮಿಷದಲ್ಲಿ ತುಂಬುತ್ತದೆ. ಬಕೆಟ್ಟಿಗೆ ಸುಮಾರು 50 ಗ್ರಾಂ ಗ್ಯಾಸ್. ದಿನಕ್ಕೆ ಎಂಟು ಬಕೆಟ್ ಅಂದರೂ 14.2 ಕೆಜಿ ಸಿಲಿಂಡರ್ ಒಂದು ತಿಂಗಳು ದಾಟುತ್ತದೆ. ನಿಮಗೆ ನನ್ನ ಮತ ಗ್ಯಾಸಿಗೇ. ಹಂಡೆಯನ್ನು ಮಾತ್ರ ಗುಜರಿಗೆ ಹಾಕಬೇಡಿ. ಅಡಿಕೆ ಸಿಪ್ಪೆ ಪುಕ್ಕಟೆ ಸಿಗುವ ಮನೆ ನಿಮ್ಮದು. ಹಿತ್ತಲ ಕಡೆ ಒಂದು ಒಲೆ ಇರಲಿ, ನೆಂಟರು ಬಂದಾಗ ಬೇಕಾಗುತ್ತದೆ.

ಪ್ರಶ್ನೆ: ಸಾಗರದಲ್ಲಿ ನಮ್ಮ ಮನೆ, ಬಾವಿ ನೀರು. ಎರಡು ವರ್ಷದ ಗ್ಯಾಸ್ ಗೀಸರ್ ಒಮ್ಮೊಮ್ಮೆ ಟಿಕ್ ಟಿಕ್ ಅಂದು ಸುಮ್ಮನಾಗುತ್ತದೆ. ಒಮ್ಮೊಮ್ಮೆ ಸದ್ದೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಗೀಸರಿಗೆ ಕಿಡಿ ಕೊಡುವ ಎರಡು ದಪ್ಪ ಸೆಲ್ ಬದಲಿಸಿ. ತೇವಕ್ಕೆ ಅದರ ತುದಿಯಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ, ಒರೆಸಿ. ಅರ್ಧ ತೊಂದರೆ ಅಲ್ಲೇ ಮುಗಿಯಬಹುದು. ಆಮೇಲೂ ಸದ್ದಿಲ್ಲ ಅಂದರೆ ಹೆಚ್ಚಾಗಿ ನೀರಿನ ಒತ್ತಡ ಸಾಲುತ್ತಿಲ್ಲ ಅಂತ ಅರ್ಥ. ಗ್ಯಾಸ್, ನೀರು ಎರಡನ್ನೂ ಬಂದ್ ಮಾಡಿ, ತಣ್ಣೀರು ಬರುವ ಕಡೆಯ ಜಾಲರಿ ಬಿಚ್ಚಿ ಹಳೇ ಬ್ರಷ್‌ನಲ್ಲಿ ಉಜ್ಜಿ. ಬಾವಿಯ ಕೆಂಪು ಮಣ್ಣು ಅಲ್ಲೇ ಕೂರುವುದು. ನೀರಿನ ಟ್ಯಾಂಕು ಗೀಸರಿಗಿಂತ ಎರಡು–ಮೂರು ಮೀಟರ್ ಎತ್ತರದಲ್ಲಿ ಇದೆಯಾ, ಅದನ್ನೂ ನೋಡಿ.

ಟಿಕ್ ಅಂದೂ ಹೊತ್ತಿಕೊಳ್ಳದಿದ್ದರೆ ಗ್ಯಾಸ್ ಬರುತ್ತಿಲ್ಲದಿರಬಹುದು. ಸಿಲಿಂಡರ್, ರೆಗ್ಯುಲೇಟರ್, ಪೈಪ್ ನೋಡಿ. ರಬ್ಬರ್ ಪೈಪನ್ನು ಐದು ವರ್ಷಕ್ಕೆ ಬದಲಿಸಲೇಬೇಕು, ಇಲಿ ಕಡಿದರೆ ಅವತ್ತೇ. ಉರಿ ನೀಲಿ ಇರಬೇಕು. ಹಳದಿಗೆ ತಿರುಗಿದರೆ ಬರ್ನರಿನಲ್ಲಿ ಧೂಳೋ ಜೇಡರ ಬಲೆಯೋ ಕಟ್ಟಿದೆ. ಆಗ ಗೀಸರ್ ಹಚ್ಚಬೇಡಿ. ಅದನ್ನು ನೀವೇ ಬಿಚ್ಚಲೂ ಹೋಗಬೇಡಿ, ಮೆಕ್ಯಾನಿಕ್ ಕರೆಸಿ.