ಕ್ಯಾಲ್ಗರಿಯಲ್ಲಿ ಕಂದಿದ ಸೀಡರ್ ಗಿಡಗಳು: ಈಗಲೇ ಕಡಿಯಬೇಡಿ

ಕೆನಡಾದ ಕ್ಯಾಲ್ಗರಿಯ ನಿಮ್ಮ ಅಂಗಳದ ಸೀಡರ್ ಎಂಬ ನಿತ್ಯಹಸಿರು ಗಿಡಗಳು ಏಪ್ರಿಲ್‌ನಲ್ಲಿ ನೈರುತ್ಯದ ಬದಿಯಲ್ಲಷ್ಟೇ ಕಂದು ಬಣ್ಣಕ್ಕೆ ತಿರುಗಿವೆ, ಕಡಿದುಬಿಡಬೇಕೇ ಎಂದು ಕೇಳಿದ್ದೀರಿ. ಇದಕ್ಕೆ ಬಹುಮಟ್ಟಿಗೆ ಚಳಿಗಾಲದ ಒಣಗುವಿಕೆಯೇ ಕಾರಣ, ರೋಗವಲ್ಲ. ಬಿಸಿಲೂ ಚಿನೂಕ್ ಎಂಬ, ಪರ್ವತಗಳ ಕಡೆಯಿಂದ ಬೀಸುವ ಬೆಚ್ಚನೆಯ ಒಣ ಗಾಳಿಯೂ ಎಲೆಗಳ ತೇವವನ್ನು ಹೀರುತ್ತಿರುವಾಗ, ಹೆಪ್ಪುಗಟ್ಟಿದ ಮಣ್ಣಿನಿಂದ ಬೇರುಗಳು ನೀರೆತ್ತಲಾರವು.

ಕಡಿಯುವ ಯೋಚನೆಯನ್ನು ಸದ್ಯಕ್ಕೆ ಬಿಡಿ. ಮೊದಲು ಕಂದಿದ ರೆಂಬೆಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿ: ಒಳಪದರ ಹಸಿರಾಗಿ, ತೇವದಿಂದ ಕೂಡಿದ್ದರೆ ಜೀವವಿದೆ, ಕಂದಾಗಿ, ಮುಟ್ಟಿದರೆ ಪಟ್ಟೆಂದು ಮುರಿಯುವಂತಿದ್ದರೆ ಆ ರೆಂಬೆ ಸತ್ತಿದೆ. ನೆಲದ ಹೆಪ್ಪು ಕರಗಿದ ಮೇಲೆ ಬುಡದ ಸುತ್ತ ಪೈಪಿನಿಂದ ಸಣ್ಣಗೆ ನೀರು ಬಿಟ್ಟು, ಅದು ಸುಮಾರು ಒಂದಡಿ ಆಳಕ್ಕೆ ಇಳಿಯುವವರೆಗೆ ಉಣಿಸಿ. ಗೊಬ್ಬರ ಈಗ ಬೇಡ. ಜೂನ್ ಮಧ್ಯದವರೆಗೆ ಚಿಗುರಿಗಾಗಿ ಕಾದು, ಬಳಿಕ ಸತ್ತ ಭಾಗವನ್ನು ಮಾತ್ರ ಕತ್ತರಿಸಿ, ಏಕೆಂದರೆ ಎಲೆಯಿಲ್ಲದ ಹಳೆಯ ಕೊಂಬೆಯಿಂದ ಸೀಡರ್ ಮತ್ತೆ ಚಿಗುರುವುದು ತೀರಾ ಅಪರೂಪ.

ಕಾಲುದಾರಿಯ ಪಕ್ಕದ ಕೆಳರೆಂಬೆಗಳೇ ಹೆಚ್ಚು ಕಂದಿದ್ದರೆ, ಹಿಮ ಕರಗಿಸಲು ಚೆಲ್ಲಿದ ಉಪ್ಪೂ ಕಾರಣವಾಗಿರಬಹುದು. ನೀವು ಕೊಟ್ಟ ವಿವರದಿಂದ ಅದನ್ನು ಖಚಿತವಾಗಿ ಹೇಳಲಾಗದು. ಹಾಗಿದ್ದಲ್ಲಿ ಬುಡಕ್ಕೆ ಧಾರಾಳವಾಗಿ ನೀರು ಹಾಯಿಸಿ ಉಪ್ಪನ್ನು ಆಳಕ್ಕೆ ಇಳಿಸಿ.

ಅಕ್ಟೋಬರ್‌ನಲ್ಲಿ ನೆಲ ಹೆಪ್ಪುಗಟ್ಟುವ ಮುನ್ನ ಮತ್ತೊಮ್ಮೆ ಆಳವಾಗಿ ನೀರುಣಿಸಿ. ನಾನು ಕಂಡಂತೆ ಗಿಡ ಉಳಿಯುವುದು ಮುಖ್ಯವಾಗಿ ಈ ನೀರಿನಿಂದಲೇ. ಜೊತೆಗೆ ನೈರುತ್ಯದ ಬದಿಗೆ ಗೂಟ ನೆಟ್ಟು, ಎಲೆಗಳಿಗೆ ತಾಗದಂತೆ ಗೋಣಿತಟ್ಟಿನ ಮರೆ ಕಟ್ಟಿ.