ಆ ಜಿಟಿಎಗೆ ಮುಂಗಡ ಕೊಡಬೇಡಿ, ಮೊದಲು ಅದರ ಇ.ಸಿ. ತೆಗೆಸಿ

ಇಟಲಿಯ ಟೊರಿನೊದಲ್ಲಿ ನೋಡಿದ ಅಲ್ಫಾ ರೋಮಿಯೊ ಜೂಲಿಯಾ ಜಿಟಿಎಗೆ (ಅಲ್ಯುಮಿನಿಯಂ ತಗಡಿನ ಹಳೇ ರೇಸ್ ಕಾರು) ನಾಳೆ ಮುಂಗಡ ಕೊಡುತ್ತೇನೆ, ಕಾಗದಪತ್ರದ ಫೈಲ್ ದಪ್ಪ ಇದೆ, ಅಯಸ್ಕಾಂತವೂ ಅಂಟಲಿಲ್ಲ ಅಂತ ಬರೆದಿದ್ದೀರಿ. ಸ್ವಲ್ಪ ತಡೆಯಿರಿ ಸರ್. ದಪ್ಪ ಫೈಲ್ ನೋಡಿ ಮೋಸಹೋದವನು ನಾನು.

ಅಯಸ್ಕಾಂತ ಬಿಡಿ. ಅಲ್ಯುಮಿನಿಯಂ ಬಾಗಿಲು, ಬಾನೆಟ್ ಈಗ ಹೊಸದಾಗಿಯೇ ಮಾಡಿಕೊಡುತ್ತಾರೆ. ಅಸಲಿ ಜಿಟಿಎ ರೇಸಿನಲ್ಲಿ ಗುದ್ದಿಸಿಕೊಂಡು ಕಬ್ಬಿಣದ ತಗಡು ಹಾಕಿಸಿಕೊಂಡಿರಲೂಬಹುದು. ಜಿಟಿಎ ಇಂಜಿನ್ನಿನ ಹಾಗೆ ಎಂಟು ಸ್ಪಾರ್ಕ್ ಪ್ಲಗ್ ಕಂಡು ಹಿಗ್ಗಬೇಡಿ, ಆಮೇಲೆ ಬಂದ ಅಲ್ಫಾ 75 ಕಾರಿನ ಟ್ವಿನ್ ಸ್ಪಾರ್ಕ್ ಇಂಜಿನ್ ಕೂರಿಸಿದರೂ ಎಂಟೇ. 1965ರಿಂದ ತಯಾರಾದ 1600 ಸಿಸಿ ಜಿಟಿಎಗಳೇ ಸುಮಾರು 500. ನೀವು ಹೇಳಿದ ರೇಟಿಗೆ ಅದು ಸಿಗುತ್ತಾ? ಮನಸ್ಸಿಗೆ ಕೇಳಿಕೊಳ್ಳಿ.

ನನ್ನದು ಬರೀ ಸ್ಪ್ರಿಂಟ್ ಜಿಟಿ ವೆಲೋಚೆ, ಅದೇ ಅಲ್ಫಾದ ಸಾಮಾನ್ಯ ಮಾದರಿ. ‘ಒಬ್ಬರೇ ಮಾಲೀಕರು’ ಅಂದರು. ಸರ್ವಿಸ್ ಬಿಲ್ಲು, ಹಳೇ ಫೋಟೊ, ಎಲ್ಲಾ ಜೆರಾಕ್ಸ್. ನಾನು ಪುಟ ಎಣಿಸಿದೆ, ಇಸವಿ ಎಣಿಸಲಿಲ್ಲ. 1979ರಿಂದ 1988ರವರೆಗೆ ಒಂದು ಚೀಟಿಯೂ ಇರಲಿಲ್ಲ. ದುಡ್ಡು ಕೊಟ್ಟಾದ ಮೇಲೆ ಪಿಆರ್‌ಎ (ಇಟಲಿಯ ವಾಹನ ಮಾಲೀಕತ್ವದ ನೋಂದಣಿ) ಕಾಗದ ತೆಗೆಸಿದರೆ, ಆ ನಂಬರಿನ ಕಾರು ಗುಜರಿಗೆ ಹೋಗಿ ದಾಖಲೆಯಿಂದಲೇ ರದ್ದಾಗಿತ್ತು! ಸತ್ತ ಕಾರಿನ ನಂಬರ್ ಇದ್ದ ತುಂಡನ್ನು ಬೇರೆ ಕಾರಿನ ಬಾಡಿಯ ಮೇಲೆ ಬೆಸುಗೆ ಹಾಕಿದ್ದರು. ಕೊನೆಗೆ ಬಿಡಿಭಾಗದ ಲೆಕ್ಕದಲ್ಲಿ ಮಾರಿದೆ. ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಊರಲ್ಲಿ ಒಂದು ಸೈಟ್ ತಗೊಳ್ಳಲು ಮದರ್ ಡೀಡ್, ಇ.ಸಿ. ಅಂತ ವಕೀಲರ ಮನೆಗೆ ಅಲೆಯುತ್ತೇವೆ. ಇಲ್ಲಿ ಮಾತ್ರ ಕೆಂಪು ಬಣ್ಣ ಕಂಡರೆ ಕಣ್ಣು ಮಂಜಾಗುತ್ತದೆ, ಅಲ್ವಾ? ಇಟಲಿಯಲ್ಲಿ 1927ರಿಂದಲೂ ಪಿಆರ್‌ಎ ಇದೆ, ಅಲ್ಲಿನ ಆಟೊಮೊಬೈಲ್ ಕ್ಲಬ್ ಎಸಿಐ ನಡೆಸುತ್ತದೆ. ‘ಎಸ್ತ್ರಾತ್ತೊ ಕ್ರೊನೊಲೊಜಿಕೊ’ ಕೇಳಿ, ಕಾರಿನ ಇ.ಸಿ. ಅಂದರೆ ಅದೇ. ಯಾರಿಂದ ಯಾರಿಗೆ, ಯಾವತ್ತು ಅಂತ ಸಾಲಾಗಿ ಬರುತ್ತದೆ. ಈಗಿನ ಪ್ಲೇಟ್ ಒಂದನ್ನೇ ಹಿಡಿದು ಕೂರಬೇಡಿ. 1994ಕ್ಕೆ ಮುಂಚೆ ಕಾರು ಮಿಲಾನೊದಿಂದ ಟೊರಿನೊಗೆ ಹೋದರೆ ಪ್ಲೇಟಿನಲ್ಲಿ ಮಿಲಾನೊದ ಎಂಐ ಹೋಗಿ ಟೊರಿನೊದ ಟಿಒ ಇರುವ ಹೊಸ ನಂಬರ್ ಬರುತ್ತಿತ್ತು. ಹಳೇ ಪ್ಲೇಟ್ ನಂಬರನ್ನೂ ಬೆನ್ನು ಹತ್ತಿ.

ಆಮೇಲೆ ನನ್ನ ಹುಚ್ಚು: ಹಳೇ ಕ್ಯಾಲೆಂಡರಿನ ಹಿಂಬದಿಗೆ ವರ್ಷಕ್ಕೊಂದು ಗೆರೆ ಎಳೆಯುತ್ತೇನೆ. ಪ್ರತಿ ಗೆರೆಯ ಮುಂದೆ ಮಾಲೀಕ, ಪ್ಲೇಟ್, ಬಣ್ಣ, ಕಿಲೋಮೀಟರ್. ಖಾಲಿ ಗೆರೆ ಬಂದಲ್ಲಿ ಮಾರುವವರನ್ನೇ ಕೇಳುತ್ತೇನೆ. ‘ಶೆಡ್ಡಿನಲ್ಲಿ ನಿಂತಿತ್ತು’ ಅಂದರೆ ಯಾರ ಶೆಡ್ಡು? ಉತ್ತರ ತೊದಲಿದರೆ ಎದ್ದು ಬರುತ್ತೇನೆ. ಖಾಲಿ ಇದ್ದ ಮಾತ್ರಕ್ಕೆ ಕಳ್ಳಮಾಲು ಅನ್ನುತ್ತಿಲ್ಲ. ಹೊರದೇಶಕ್ಕೆ ಹೋಗಿದ್ದರೆ ಆ ದೇಶದ ಕಾಗದ ಬೇಕು. ಬರೀ ರೇಸ್ ಓಡಿದ ಕಾರಿಗೆ ಪ್ಲೇಟೇ ಇಲ್ಲದಿರಬಹುದು. ಆಗ ರೇಸಿನ ಎಂಟ್ರಿ ಪಟ್ಟಿ, ಹಳೇ ಫೋಟೊ ಹುಡುಕಬೇಕು.

ಮಿಲಾನೊ ಹತ್ತಿರದ ಅರೇಸೆಯಲ್ಲಿರುವ ಅಲ್ಫಾ ದಾಖಲೆ ಕೇಂದ್ರಕ್ಕೂ ಬರೆಯಿರಿ. ತಯಾರಾದ ದಿನ, ಮೂಲ ಬಣ್ಣ ಹೇಳುತ್ತಾರೆ. ಮಾಲೀಕರ ಕಥೆ ಅಲ್ಲಿಲ್ಲ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಎಡಗೈ ಸ್ಟೀರಿಂಗ್ 1600 ಜಿಟಿಎ ಅಂದರೆ ಟೈಪ್ 105.32, ಚಾಸಿ ನಂಬರ್ 613ರಿಂದ ಶುರು. ಬಾನೆಟ್ ಎತ್ತಿ, ಫೈರ್‌ವಾಲ್ (ಇಂಜಿನ್ ಹಿಂದಿನ ತಗಡಿನ ಗೋಡೆ) ಮೇಲಿನ ನಂಬರಿಗೆ ಪಕ್ಕದಿಂದ ಟಾರ್ಚ್ ಬಿಡಿ. ಸುತ್ತ ಬೆಸುಗೆ ಗೆರೆ ಇದೆಯಾ? ರಿವೆಟ್ ಹೊಡೆದ ತಗಡಿನ ಪ್ಲೇಟ್ ನಂಬಬೇಡಿ, ಅದನ್ನು ಯಾರು ಬೇಕಾದರೂ ಹೊಡೆಯಬಹುದು.

ಕ್ಯಾಂಪಾನ್ಯೋಲೊ ಮೆಗ್ನೀಸಿಯಂ ವೀಲ್ ಇದ್ದರೆ ಬಿರುಕು ಪರೀಕ್ಷೆ ಮಾಡಿಸದೆ ಓಡಿಸಬೇಡಿ. ಕಾರ್ಬ್ಯುರೇಟರ್ ವೆಬರ್ 45 ಇರಲಿ, ಡೆಲೊರ್ಟೊ ಕಂಪನಿಯದ್ದು ಹಾಕಿ ‘ಅದೇ ಇದು’ ಅಂದರೆ ನಗು ಬರುತ್ತದೆ. ಡೆಲೊರ್ಟೊ ಕೆಟ್ಟದ್ದಲ್ಲ, ಈ ಕಾರಿಗಲ್ಲ ಅಷ್ಟೆ. ತಣ್ಣಗಿರುವಾಗ ಎರಡನೇ ಗೇರ್ ಕರಕರ ಅಂದರೆ ಗಾಬರಿಯಾಗಿ ಬೆಲೆ ಚೌಕಾಸಿಗೆ ಇಳಿಯಬೇಡಿ, ಆ ಕಾಲದ ಅಲ್ಫಾ ಹಾಗೇ. ಬಿಸಿಯಾದ ಮೇಲೂ ಕರಕರ ಅಂದರೆ ಗೇರ್ ನಯವಾಗಿ ಬೀಳಿಸುವ ಸಿಂಕ್ರೊ ಹೋಗಿದೆ.