ತಮ್ಮನಿಗೆ ಬಿಎ ಬೇಡ, ಮಗಳ ಕಾಗದ ಕಳಿಸಿ

ಹಾವೇರಿ ಕಡೆಯ ಅಕ್ಕನೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ತಮ್ಮ ಹೊಲದ ಬದುವಿನ ಜಗಳದಲ್ಲಿ ಕೊಲೆ ಮಾಡಿ ಜೀವಾವಧಿ ಶಿಕ್ಷೆಯಲ್ಲಿದ್ದಾನೆ. ಏಳನೇ ತರಗತಿಗೇ ಶಾಲೆ ಬಿಟ್ಟವನು. ಹೆಂಡತಿ ತವರಿಗೆ ಹೋದಳು. ಎರಡನೇ ಕ್ಲಾಸಿನ ಮಗಳು ಅಕ್ಕನ ಮನೆಯಲ್ಲಿದ್ದಾಳೆ, ಅಪ್ಪ ಎಲ್ಲಿದ್ದಾನೆ ಅಂತ ಅವಳಿಗೆ ಗೊತ್ತು. ಈಗ ಅಕ್ಕನ ಯಜಮಾನರು ತಮ್ಮನಿಗೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿ, ಮುಂದೆ ಬಿಎ ಮಾಡಿಸಬೇಕು ಅಂತ ಹಟ ಹಿಡಿದಿದ್ದಾರೆ. ತಮ್ಮ ಮಾತ್ರ "ಇಲ್ಲಿ ಓದಿ ಯಾವ ಸಾಹೇಬ ಆಗ್ಬೇಕು" ಅಂತ ಮುಖ ತಿರುಗಿಸುತ್ತಾನಂತೆ. ಅವನಿಗೆ ಹೇಗೆ ಬುದ್ಧಿ ಹೇಳಲಿ ಎಂಬುದು ಪ್ರಶ್ನೆ.

ಅಮ್ಮಾ, ಕಾಗದದ ಕೊನೆಯಲ್ಲಿ ಸುಮ್ನೆ ಒಂದು ಮಾತು ಹೇಳಿ ಮುಂದೆ ಹೋಗಿದ್ದೀರಿ. ತಮ್ಮನ ಕಾಗದ ಬರುತ್ತವೆ, ಆದರೆ ಒಂದೊಂದು ಸಲ ಒಂದೊಂದು ಥರದ ಅಕ್ಷರ, ಸಹಿ ಮಾತ್ರ ಅವನದೇ. ನಿಮ್ಮ ಇಡೀ ಸಮಸ್ಯೆ ಅಲ್ಲೇ ಇದೆ, ಅಲ್ವಾ? ಅವನಿಗೆ ಓದಲು ಮನಸ್ಸಿಲ್ಲದ್ದಲ್ಲ. ಸಹಿ ಬಿಟ್ಟರೆ ಬರೆಯಲು ಬರುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಕಲಿತ ನಾಲ್ಕಕ್ಷರ ಹೊಲದಲ್ಲೇ ಮರೆತುಹೋಗಿದೆ. ಅಂಥವನ ಮುಂದೆ ಬಿಎ ಮಾತೆತ್ತಿದರೆ ಅವನು ಇನ್ನೇನು ಹೇಳಬೇಕು?

ಅವನೊಬ್ಬನೇ ಹೀಗೆ ಅಂದುಕೊಳ್ಳಬೇಡಿ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2019ರ ಲೆಕ್ಕ ಕೊಟ್ಟಾಗ, ದೇಶದ ಜೈಲುಗಳಲ್ಲಿದ್ದ ನೂರು ಜನರಲ್ಲಿ ಸುಮಾರು 28 ಮಂದಿಗೆ ಓದು ಬರಹವೇ ಇರಲಿಲ್ಲ. ಇನ್ನೂ 42 ಮಂದಿ ಹತ್ತನೇ ತರಗತಿಯ ಒಳಗೇ ನಿಂತವರು. ನಿಮ್ಮ ತಮ್ಮ ಈ ಎರಡನೇ ಗುಂಪಿನಲ್ಲಿ ಬರುತ್ತಾನೆ. ಏಳನೇ ಕ್ಲಾಸು ಅಂತ ದಾಖಲೆಯಲ್ಲಿ ಬರೆಸಿರುತ್ತಾನಲ್ಲ, ಹಾಗಾಗಿ ಅಕ್ಷರ ಬರಲ್ಲ ಅಂತ ಈಗ ಬಾಯಿಬಿಟ್ಟು ಹೇಳುವುದು ಇನ್ನೂ ಕಷ್ಟ.

ಜೈಲಿನಲ್ಲಿ ಓದುವವರೆಲ್ಲ ಒಂದೇ ಕಾರಣಕ್ಕೆ ಓದುವುದಿಲ್ಲ. ಕೆಲವರಿಗೆ ಹೊತ್ತು ಹೋಗಬೇಕು. ಕೆಲವರಿಗೆ ಬ್ಯಾರಕ್‌ನ ಗಲಾಟೆಯಿಂದ ಸ್ವಲ್ಪ ಹೊತ್ತು ಆಚೆ ಇರಬೇಕು. ಕೆಲವರಿಗೆ ತಮ್ಮ ಕೇಸಿನ ತೀರ್ಪಿನಲ್ಲಿ ಏನಿದೆ ಅಂತ ತಾವೇ ಓದಬೇಕು. ಎಲ್ಲವೂ ಒಳ್ಳೆಯ ಕಾರಣಗಳೇ. ಬೇಡ ಅನ್ನುವವರಲ್ಲಿ ಬಹಳ ಜನರಿಗೆ ತರಗತಿ ಅಂದರೆ ಮೇಷ್ಟ್ರ ಬೆತ್ತ, ಪಕ್ಕದವರ ನಗು. ಅದನ್ನು ಮತ್ತೆ ಯಾಕೆ ಅನುಭವಿಸಬೇಕು ಅನ್ನಿಸುತ್ತದೆ. ಒಳಗೆ ಬರೆಯಲು ಬಲ್ಲವನಿಗೆ ಬೆಲೆ ಜಾಸ್ತಿ. ಪೆರೋಲ್ ಅರ್ಜಿ, ಮನೆಗೆ ಕಾಗದ, ಎಲ್ಲಕ್ಕೂ ಅವನೇ ಬೇಕು. ಬರೆಯಲು ಬಾರದವನು ಹೆಂಡತಿ ಬಿಟ್ಟುಹೋದ ಸಂಗತಿಯನ್ನೂ ಇನ್ನೊಬ್ಬನಿಗೆ ಹೇಳಿಯೇ ಬರೆಸಬೇಕು.

ಕೊಲೆ ಕೊಲೆಯೇ. ಶಿಕ್ಷೆಯ ಬಗ್ಗೆ ನಾನು ಮರುಕ ಪಡುತ್ತಿಲ್ಲ. ಆದರೆ ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿದೆ. "ಒಂದು ಡಿಗ್ರಿ ಆದರೆ ನಾಲ್ಕು ಜನರ ಮುಂದೆ ತಲೆ ಎತ್ತಬಹುದು" ಅಂದರಂತೆ. ಯಾರ ತಲೆ? ಫೀಸು ನಾನೇ ಕಟ್ಟುತ್ತೇನೆ ಅಂತ ಬೇರೆ ಹೇಳಿಕೊಂಡು ಓಡಾಡುತ್ತಿದ್ದಾರೆ. ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯ ಕೈದಿಗಳಿಗೆ ಶುಲ್ಕ ಬಿಟ್ಟು ಎಷ್ಟೋ ವರ್ಷವಾಯಿತು, ಅದನ್ನಾದರೂ ವಿಚಾರಿಸಬಾರದಾ? ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮನೆಯವರು ಮುಂದೆ ಬಿದ್ದು ಅರ್ಜಿ ತುಂಬಿದ ಕೋರ್ಸು ಉದ್ಧಾರವಾಗುವುದಿಲ್ಲ. ಜೈಲಿನ ಒಳಗಾದರೂ ಅಷ್ಟೇ, ಹೊರಗಾದರೂ ಅಷ್ಟೇ.

ಅಕ್ಷರ ಕಲಿಸಲು ನಮ್ಮ ಜೈಲುಗಳಲ್ಲೇ ದೊಡ್ಡವರಿಗೆ ಅಕ್ಷರ ಕಲಿಸುವ ಸರ್ಕಾರದ ಲೋಕಶಿಕ್ಷಣ ಇಲಾಖೆಯವರ ಸಾಕ್ಷರತಾ ತರಗತಿಗಳು ನಡೆದಿವೆ. ಅಲ್ಲಿಗೆ ಅವನು ತಾನಾಗಿ ಹೋಗಬೇಕು, ನೀವು ಕಳಿಸುವುದಲ್ಲ.

ನೀವು ಮಾಡಬೇಕಾದ್ದು ಒಂದೇ. ಮಗಳ ಕೈಲಿ ಅಪ್ಪನಿಗೆ ವಾರಕ್ಕೊಂದು ಕಾಗದ ಬರೆಸಿ. ಎರಡನೇ ಕ್ಲಾಸಿನ ದಪ್ಪ ಅಕ್ಷರ, ಮೂರು ನಾಲ್ಕು ಸಾಲು, ಒತ್ತಕ್ಷರವೂ ಕಡಿಮೆ. ಜೈಲಿನವರು ತೆರೆದು ನೋಡಿಯೇ ಕೊಡುತ್ತಾರೆ, ಇರಲಿ. ಮಗಳ ಮಾತನ್ನು ಇನ್ನೊಬ್ಬನಿಂದ ಓದಿಸಿಕೊಳ್ಳಲು ಯಾವ ಅಪ್ಪನಿಗೂ ಮನಸ್ಸು ಬರುವುದಿಲ್ಲ, ತಾನೇ ಕೂಡಿಸಿಕೊಂಡು ಓದುತ್ತಾನೆ. "ಅಪ್ಪ, ನೀನೂ ಓದು" ಅಂತ ಮಾತ್ರ ಬರೆಸಬೇಡಿ. ಎಮ್ಮೆ ಕರು ಹಾಕಿದ್ದು, ಶಾಲೆಯಲ್ಲಿ ಬಿದ್ದು ಮೊಣಕಾಲು ತರಚಿದ್ದು, ಅವಳಿಗೆ ತೋಚಿದ್ದು ಬರೆಯಲಿ. ಅಕ್ಷರದ ವಿಷಯ ನಿಮಗೆ ತಿಳಿಯಿತು ಅಂತ ಅವನಿಗೆ ಗೊತ್ತಾಗಬಾರದು. ಅಂಚೆಗೆ ಹಾಕುವ ಮುಂಚೆ ಯಜಮಾನರ ಕೈಗೆ ಕೊಡಬೇಡಿ, ಅವರು ಕಾಗುಣಿತ ತಿದ್ದಲು ಕೂರುತ್ತಾರೆ.